ತವರಿನ ಗಾಡಿ

ಮೆಟ್ರಿ
12 ಜೂನ್ 2024

ಹಾಲೇಶ,

ಮೆಟ್ರಿಯಿಂದ ಹೊಸಪೇಟೆಗೆ, ಅದೂ ಒಡಹುಟ್ಟಿದ ತಮ್ಮನಿಗೆ, ಈ ಕಾಲದಲ್ಲಿ ಕಾಗದ ಬರೆಯುವ ಅಕ್ಕ ನಾನೊಬ್ಬಳೇ ಇರಬೇಕು. ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಹೇಳಬೇಕಾದದ್ದನ್ನು ಮರೆತು "ಉಂಡ್ಯೇನೋ?" ಎಂದು ಕೇಳುತ್ತೇನೆ. ನೀನು "ಉಂಡೆ ಅಕ್ಕಾ, ಅಂಗಡ್ಯಾಗ ಮಂದಿ ಅದಾರ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಆ ಆಮೇಲೆ ಇನ್ನೂ ಬಂದಿಲ್ಲ. ಕಾಗದವನ್ನಾದರೆ ನಡುವೆ ಕತ್ತರಿಸಲು ನಿನಗೆ ಬರುವುದಿಲ್ಲ.

ವಿಷಯ ಗಾಡಿಯದು. ನಾನು, ಎರ್ರೆಮ್ಮ, ವಿರುಪಮ್ಮ, ಹೊಳೆಮ್ಮ ನಾಲ್ವರೂ ನಮ್ಮ ಹಿತ್ತಲಲ್ಲಿ ಜೋಳದ ರೊಟ್ಟಿ ಬಡಿದು ಬಡಿದು ಕೂಡಿಸಿದ್ದರಲ್ಲಿ ಆ ವ್ಯಾನು ಬಂದದ್ದು ನಿನಗೆ ಗೊತ್ತು. ದೋಣಿಮಲೈ ಗಣಿಯ ಮೆಸ್ಸಿಗೂ ಹೊಸಪೇಟೆಯ ಖಾನಾವಳಿಗೂ ಬಸ್ಸಿನಲ್ಲಿ ಒಯ್ದರೆ ಕಟಕ ರೊಟ್ಟಿಯೆಲ್ಲ ಪುಡಿಯಾಗುತ್ತಿತ್ತು. ಅವರು ಮೂವರೂ ಬಳ್ಳಾರಿಯಲ್ಲಿ ನೋಡೋಣ, ಗಾಡಿ ಮೇಸ್ತ್ರಿಯೊಬ್ಬನನ್ನು ಜೊತೆಗೆ ಕರೆದೊಯ್ಯೋಣ ಎಂದರು. ನಾನೇ ದೊಡ್ಡ ಬಾಯಿ ಮಾಡಿದೆ. "ನನ್ನ ತಮ್ಮನ ಅಂಗಳದಾಗ ನಲವತ್ತು ಗಾಡಿ ಮಾರಾಕ ನಿಂತಾವ. ತವರು ಇರೋವಾಗ ಕಂಡವರ ಬಾಗಿಲಿಗೆ ಯಾಕ ಹೋಗೂದು?" ಎಂದೆ.

ಅವತ್ತು ನಿನ್ನ ಅಂಗಳದಲ್ಲಿ ನಡೆದದ್ದನ್ನು ಎಷ್ಟು ಸಲ ನೆನಸಿಕೊಂಡೆನೋ. ಹೊಸಪೇಟೆಯ ರಿಟೈರ್ ಆದ ಮೇಷ್ಟ್ರೊಬ್ಬರ ಗಾಡಿ, ಭಾನುವಾರ ಹಂಪಿಗೆ ಹೋಗಿ ಬರುವುದು ಬಿಟ್ಟರೆ ಎಲ್ಲಿಗೂ ಹೋಗಿಲ್ಲ ಎಂದೆ ನೀನು. ಎರ್ರೆಮ್ಮ ಬಿಲ್ ಕೇಳಿದಾಗ "ತವರಿನ ಗಾಡಿಗೆ ಎಂಥಾ ಬಿಲ್ ಬೇ?" ಎಂದು ನೀನು ನಕ್ಕೆ. ಅಷ್ಟರಲ್ಲಿ ತವರಿನ ಸೊಸೆಯಾಗಿ ಸೌಜನ್ಯ ಒಳಗಿನಿಂದ ಮೊರದಲ್ಲಿ ಅಕ್ಕಿ, ಕೊಬ್ಬರಿ, ಇಳಕಲ್ಲಿನ ಖಣ ತಂದು, ಗಾಡಿಯ ಮುಂದೆಯೇ ನನ್ನನ್ನು ಕೂರಿಸಿ ಉಡಿ ತುಂಬಿದಳು. ತುಂಬಿದ ಉಡಿ ಹಿಡಿದುಕೊಂಡು ಯಾವ ಹೆಣ್ಣುಮಗಳು ತವರಿನವರನ್ನು ಕಾಗದಪತ್ರ ಕೇಳುತ್ತಾಳೆ? ನಾನಂತೂ ಕೇಳಲಿಲ್ಲ. ಎರ್ರೆಮ್ಮನ ಕಡೆ ತಿರುಗಿ, ನೋಡಿದೆಯಾ ನನ್ನ ತವರು ಎನ್ನುವ ಹಾಗೆ ಕತ್ತು ಎತ್ತಿದೆ.

ಗಾಡಿ ಎರಡನೇ ವಾರಕ್ಕೇ ಕಂಪ್ಲಿ ಸೇತುವೆಯ ಮೇಲೆ ನಿಂತಿತು. ಹೊಗೆ, ಎಣ್ಣೆ, ಅದೆಲ್ಲ ಇರಲಿ. ಹಳೆಯದು, ಸೋರುತ್ತದೆ ಎಂದುಕೊಂಡೆವು. ಆದರೆ ಗಾಡಿ ಕುಲುಕಿದಾಗಲೆಲ್ಲ ಚಾವಣಿಯ ಸಂದಿಯಿಂದ, ಬಾಗಿಲ ಹೊಟ್ಟೆಯಿಂದ ಕೆಂಪು ಧೂಳು ಉದುರುತ್ತದೆ. ಎಷ್ಟು ತೊಳೆದರೂ ಮುಗಿಯದು. ರೊಟ್ಟಿಗೆ ಹೊದಿಸಿದ ಬಿಳಿ ಬಟ್ಟೆ ಕೆಂಪಾಗುತ್ತದೆ. ಹೋದ ಸೋಮವಾರ ದೋಣಿಮಲೈ ಮೆಸ್ಸಿನವರು ಒಂದು ತುಂಡು ಬಾಯಿಗೆ ಹಾಕಿಕೊಂಡು ಉಗುಳಿದರು. "ಏನ್ರಮ್ಮಾ, ನಮ್ಮ ಗುಡ್ಡದ ಅದಿರು ನಮಗಾ ತಂದು ಉಣಸ್ತೀರೇನು?" ಎಂದರು. ಊಟಕ್ಕೆ ಕುಳಿತವರೆಲ್ಲ ನಕ್ಕರು. ಏನು ಮಾಡುವುದೋ ತಿಳಿಯದೆ ನಾನೂ ಅವರ ಜೊತೆ ನಕ್ಕೆ, ಹಾಲೇಶ. ಆ ನಗು ಇನ್ನೂ ನನ್ನ ಮುಖಕ್ಕೆ ಅಂಟಿಕೊಂಡಿದೆ.

ನಿನ್ನೆ ಆರ್‌ಸಿ ಬಂತು. ನಾನು ಮೂರನೇ ಮಾಲೀಕಳಂತೆ. ಸೇತುವೆ ಮೇಲಿಂದ ಎಳೆತಂದ ಮೇಸ್ತ್ರಿ ಇದು ಸಂಡೂರಿನ ಗಣಿಯೊಳಗೆ ಆಳುಗಳನ್ನು ಹೊತ್ತು ತಿರುಗಿದ ಗಾಡಿ, ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಎನ್ನುತ್ತಾನೆ. ನಿನಗೂ ಯಾರೋ ಮೋಸ ಮಾಡಿರಬೇಕು. ಗಾಡಿ ವಾಪಸ್ ತಗೊಂಡು ಹಣ ಕೊಟ್ಟುಬಿಡು. ಹಣ ನನ್ನೊಬ್ಬಳದಲ್ಲ.

ನಿನ್ನ ಅಕ್ಕ
ಗಂಗಾಂಬಿಕಾ


ಹೊಸಪೇಟೆ
27 ಜೂನ್ 2024

ಅಕ್ಕನ ಪಾದಕ್ಕೆ ಶರಣು.

ನಿನ್ನ ಕಾಗದ ಓದಿ ಸೌಜನ್ಯಳಿಗೂ ತೋರಿಸಿ ಇಬ್ಬರೂ ನಕ್ಕೆವು. ಗಾಡಿಗಿಂತ ನಿನ್ನ ಬರವಣಿಗೆಯೇ ಚೆನ್ನಾಗಿ ಓಡುತ್ತದೆ.

ಅಕ್ಕಾ, ಈ ಸೀಮೆಯಲ್ಲಿ ಕೆಂಪು ಧೂಳಿಲ್ಲದ ಗಾಡಿ ಎಲ್ಲಿದೆ ಹೇಳು. ಹಳೇ ಗಾಡಿ ಎಂದರೆ ಹಳೇ ಗಾಡಿಯೇ. ಮೇಸ್ತ್ರಿಗಳು ಹೀಗೇ ಹೆದರಿಸಿ ದುಡ್ಡು ಕೀಳುತ್ತಾರೆ. ಅಂಗಡಿಯ ಹುಡುಗನನ್ನು ಕಳಿಸಿ ಸೀಟು, ಮ್ಯಾಟು ಬದಲಿಸಿಕೊಡುತ್ತೇನೆ. ಹಣದ ಮಾತು ಮಾತ್ರ ಎತ್ತಬೇಡ. ನಾನು ನಿನಗೆ ಕೊಟ್ಟದ್ದು ಮನೆಯ ದರಕ್ಕೆ, ಲಾಭ ಇಟ್ಟುಕೊಂಡಿಲ್ಲ. ಅಕ್ಕ ತಮ್ಮಂದಿರ ನಡುವೆ ಇದೆಲ್ಲ ಕಾಗದದ ಮೇಲೆ ಬಂದರೆ ನೋಡಿದವರು ಏನೆಂದಾರು?

ಪಂಚಮಿಗೆ ಕರೆಯಲು ಬರುತ್ತೇನೆ. ಆಗ ಕುಂತು ಮಾತಾಡೋಣ.

ನಿನ್ನ ತಮ್ಮ
ಹಾಲೇಶ


ಮೆಟ್ರಿ
20 ಆಗಸ್ಟ್ 2024

ಹಾಲೇಶ,

ಪಂಚಮಿ ಆಗಿ ಹನ್ನೊಂದು ದಿನ. ನಾನು ಸೀರೆ ಮಡಿಸಿಟ್ಟುಕೊಂಡು ಕಾಯುತ್ತಿದ್ದೆ ಎಂದು ಬರೆಯಲು ಈ ವಯಸ್ಸಿಗೆ ನಾಚಿಕೆ. ಆದರೆ ಕಾಯುತ್ತಿದ್ದೆ. ನಿಮ್ಮ ಭಾವ ತೋಟಪ್ಪನವರು ನನ್ನ ಮುಖ ನೋಡಲಾಗದೆ ಗದ್ದೆಗೆ ನೀರು ಬಿಡುವ ನೆಪ ಮಾಡಿ ಹೋದರು. ಇಡೀ ವರ್ಷ ಅಷ್ಟು ಶ್ರದ್ಧೆಯಿಂದ ಗದ್ದೆಗೆ ಹೋದವರಲ್ಲ.

ನಿನ್ನ ಹುಡುಗ ಬಂದು ಮ್ಯಾಟು ಬದಲಿಸಿದ. ಕೆಂಪು ಮ್ಯಾಟು ಹಾಕಿದ್ದಾನೆ. ಧೂಳು ಕಾಣದಿರಲಿ ಎಂದೇ ಇರಬೇಕು.

ಹೋದ ಗುರುವಾರ ದೋಣಿಮಲೈಯಿಂದ ಇಳಿಯುವಾಗ ಬ್ರೇಕು ಹಿಡಿಯಲಿಲ್ಲ. ಓಡಿಸುತ್ತಿದ್ದ ಎರ್ರೆಮ್ಮ ಗಾಡಿಯನ್ನು ಗುಡ್ಡದ ಮಗ್ಗುಲಿಗೆ ಉಜ್ಜಿ ನಿಲ್ಲಿಸಿದಳು. ಎದುರಿಗೆ ಕಂಪನಿಯ ಬಸ್ಸು ಬರುತ್ತಿತ್ತು. ನನಗೆ ಏನೂ ಆಗಲಿಲ್ಲ. ಅವಳ ಬಲಗೈ ಮುಂಗೈಯಲ್ಲಿ ಮುರಿದಿದೆ. ರೊಟ್ಟಿ ಬಡಿಯುವ ಕೈ ಅದು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಳ್ಳುತ್ತ ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನಿನ್ನ ತಮ್ಮಗ ಗೊತ್ತಿರಾಕಿಲ್ಲ ಬಿಡಬೇ" ಎಂದಳು. ಬೈದಿದ್ದರೆ ಅವಳ ಮುಖ ನೋಡುವ ಧೈರ್ಯವಾದರೂ ಬರುತ್ತಿತ್ತು.

ನಿನಗೆ ಫೋನ್ ಮಾಡಿದೆ. ನೀನು ಎತ್ತಲಿಲ್ಲ.

ಹೊಸಪೇಟೆಯ ಕೋರ್ಟಿನ ಹತ್ತಿರ ಮಾಧವಿ ಎನ್ನುವ ವಕೀಲೆಯನ್ನು ನೋಡಿಬಂದೆ. ನಿನ್ನ ಅಂಗಡಿಯ ಮುಂದಿನಿಂದಲೇ ಆಟೊ ಹೋಯಿತು. ಸೆರಗು ಮುಖಕ್ಕೆ ಎಳೆದುಕೊಂಡೆ, ನಾನೇ ಏನೋ ಕದ್ದವಳ ಹಾಗೆ. ಹಳೇ ಗಾಡಿಗೆ ಕಾಯಿದೆ ಎಲ್ಲಿಯದು ಎಂದುಕೊಂಡು ಹೋದವಳಿಗೆ ಆಕೆ ಹೇಳಿದ್ದು: "ಹಳೇದು ಅಂದ ಮಾತ್ರಕ್ಕ ಸುಳ್ಳು ಹೇಳಿ ಮಾರಬಹುದು ಅಂತ ಎಲ್ಲೂ ಬರದಿಲ್ರಿ. ಪಕ್ಕದ ಮನಿಯವರು ತಮ್ಮ ಗಾಡಿ ಮಾರಿದ್ರ ಮಾತು ಬ್ಯಾರೆ. ಇವರಿಗೆ ಮಾರೋದಾ ಕಸಬು. ನೀವು ನಾಕು ಮಂದಿ ಹೊಟ್ಟಿಪಾಡಿಗೆ ಕೈಯಾರೆ ದುಡಿಯೋರು. ನೀವೂ ಗ್ರಾಹಕರಾ. ಬಿಲ್ ಇಲ್ಲಂದ್ರೂ ಬ್ಯಾಂಕಿನಿಂದ ರೊಕ್ಕ ಹೋಗೇತಲ್ಲ, ಸಾಕು." ಯಾರ ಮೇಲೆ ನೋಟಿಸು ಎಂದು ಕೇಳಿದರು. ತಮ್ಮ ಎನ್ನಲು ಬಾಯಿ ಬರಲಿಲ್ಲ. ಅಂಗಡಿಯ ಹೆಸರು ಹೇಳಿದೆ.

ನೋಟಿಸು ಹೊರಡುವ ಮುನ್ನ ಇದೊಂದು ಕಾಗದ. ಹದಿನೈದು ದಿನ ತಡೆದುಕೊಳ್ಳಲು ಹೇಳಿದ್ದೇನೆ. ಬಂದು ಗಾಡಿ ತೆಗೆದುಕೊಂಡು ಹೋಗು. ಒಬ್ಬನೇ ಬಾ, ಯಾರಿಗೂ ಏನೂ ಹೇಳುವುದಿಲ್ಲ.

ನಿನ್ನ ಅಕ್ಕ
ಗಂಗಾಂಬಿಕಾ


ಹೊಸಪೇಟೆ
18 ಸೆಪ್ಟೆಂಬರ್ 2024

ಅಕ್ಕಾರಿಗೆ ಸೌಜನ್ಯ ಬರೆಯುವುದು.

ನೋಟಿಸು ನನ್ನ ಹೆಸರಿಗೆ ಬಂತು. ಅಂಗಡಿ ಕಾಗದದ ಮೇಲೆ ನನ್ನದು ಎಂದು ನಿಮಗೂ ಗೊತ್ತಿತ್ತೋ ಇಲ್ಲವೋ. ಹೆಂಡತಿಯ ಹೆಸರಲ್ಲಾದರೆ ಸಾಲ ಸುಲಭಕ್ಕೆ ಸಿಗುತ್ತದೆ ಎಂದು ಹಾಗೆ ಮಾಡಿಸಿದ್ದರು. ಗಿರಾಕಿಗಳು ಕುಳಿತಿದ್ದಾಗಲೇ ಪೋಸ್ಟ್‌ಮ್ಯಾನ್ "ವಕೀಲರ ಕಡಿಂದ ರಿಜಿಸ್ಟರ್ ಬಂದೇತ್ರಿ" ಎಂದು ಕೂಗಿದ. ಗಾಡಿ ನೋಡಲು ಬಂದಿದ್ದ ಗಾದಿಗನೂರಿನ ಗಂಡ ಹೆಂಡತಿ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ನಾನು ನಿಮ್ಮ ಉಡಿಗೆ ಅಕ್ಕಿ ಹಾಕಿದೆ. ನೀವು ನನ್ನ ಉಡಿಗೆ ಇದನ್ನು ಹಾಕಿದಿರಿ. ಸಿಟ್ಟಿದ್ದರೆ ಬಂದು ನಿಮ್ಮ ತಮ್ಮನ ಕೆನ್ನೆಗೆ ಹೊಡೆಯಬಹುದಿತ್ತು, ನಾನೇ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದೆ. ಊರ ಮುಂದೆ ತರುವ ಅಗತ್ಯವಿರಲಿಲ್ಲ.

ನಮ್ಮ ವಕೀಲರು ಉತ್ತರ ಕೊಡುತ್ತಾರೆ.

ಒಂದು ಕೇಳಬೇಕು. ಎರ್ರೆಮ್ಮನ ಕೈ ಮುರಿದದ್ದು ನೋಟಿಸಿನಲ್ಲಿ ಓದಿದೆ. ನಿಜವೇ? ಮನೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಸೌಜನ್ಯ


ಮೆಟ್ರಿ
2 ಫೆಬ್ರುವರಿ 2025

ಹಾಲೇಶ,

ಬಳ್ಳಾರಿಯ ಗ್ರಾಹಕ ಆಯೋಗದಲ್ಲಿ ನಾವು ಹಾಕಿದ ದೂರಿಗೆ ನೀವು ಕೊಟ್ಟ ತಕರಾರಿನ ಪ್ರತಿ ಮಾಧವಿಯವರು ನನ್ನ ಕೈಗಿತ್ತರು. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಓದಿದೆ. ಎರಡು ಬಸ್ಸು ಹೋದವು.

ಅದು ವ್ಯಾಪಾರವೇ ಅಲ್ಲವಂತೆ. ದೂರುದಾರಳು ಹಿರಿಯ ಸೋದರಿಯಾದ್ದರಿಂದ ಪ್ರೀತಿ ವಿಶ್ವಾಸದಿಂದ ತವರಿನ ಕಡೆಯಿಂದ ವಾಹನ ಕೊಡಲಾಯಿತಂತೆ. ಅವಳು ಕೊಟ್ಟ ಹಣ ಕುಟುಂಬದ ಒಳಗಿನ ನೆರವಂತೆ. ಅದಕ್ಕೆ ಸಾಕ್ಷಿ, ಸಂಪ್ರದಾಯದಂತೆ ಉಡಿ ತುಂಬಿ ಕಳಿಸಿರುವುದಂತೆ. ಆದ್ದರಿಂದ ಆಕೆ ಗ್ರಾಹಕಳಲ್ಲ, ಆಯೋಗ ಈ ದೂರನ್ನು ವಜಾ ಮಾಡತಕ್ಕದ್ದು.

ಸೌಜನ್ಯ ಹಾಕಿದ ಆ ಅಕ್ಕಿಯನ್ನು ನಾನು ಮನೆಗೆ ತಂದು ಪಾಯಸ ಮಾಡಿ ನಾಲ್ಕೂ ಮನೆಗೆ ಹಂಚಿದ್ದೆ, ಹಾಲೇಶ. ವಿರುಪಮ್ಮ ಎರಡು ಸಲ ಹಾಕಿಸಿಕೊಂಡು ಉಂಡಳು. ಅದನ್ನು ಟೈಪು ಮಾಡಿಸಿ ಸಾಕ್ಷಿ ಎಂದು ಕೊಟ್ಟಿದ್ದೀಯಲ್ಲ. ನಿಮ್ಮ ವಕೀಲರಿಗೆ ಉಡಿಯ ವಿಷಯ ನೀನು ಹೇಳದೆ ತಿಳಿಯುವುದು ಹೇಗೆ?

ಈಗ ನಾನು ಪ್ರಮಾಣಪತ್ರ ಕೊಡಬೇಕು. "ನಾನು ಎದುರುದಾರರ ಬಳಿಗೆ ಸೋದರಿಯಾಗಿ ಹೋಗಿಲ್ಲ, ಗ್ರಾಹಕಳಾಗಿ ಹೋಗಿದ್ದೇನೆ" ಎಂದು ಮಾಧವಿಯವರು ಬರೆದಿಟ್ಟಿದ್ದಾರೆ. ಸಹಿ ಹಾಕಬೇಕಾದ ಸಾಲು ಅದು. ನಾನು ಎಂಟು ದಿನ ಹಾಕಲಿಲ್ಲ. ಏಕೆಂದರೆ ಅದು ಸುಳ್ಳು. ನಾನು ಅಕ್ಕನಾಗಿಯೇ ಬಂದಿದ್ದೆ. ಅದೇ ನಾನು ಮಾಡಿದ ತಪ್ಪು.

ಎರ್ರೆಮ್ಮನ ಕೈ ಕೂಡಿದೆ, ಆದರೆ ರೊಟ್ಟಿ ದುಂಡಗೆ ಬರುವುದಿಲ್ಲ. ಮೂಲೆ ಮೂಲೆ ಬರುತ್ತದೆ. "ಬೇ, ಇದನ್ನ ನಕಾಶೆ ರೊಟ್ಟಿ ಅಂತ ಮಾರೂಣು" ಎಂದು ನಗಿಸುತ್ತಾಳೆ. ಹೊಳೆಮ್ಮ ನಮ್ಮ ಗುಂಪು ಬಿಟ್ಟು ಗದ್ದೆ ಕೂಲಿಗೆ ಹೊರಟಳು. ಹೋಗುವಾಗ ಅಂಗಳದಲ್ಲಿ ನಿಂತು, "ಗಂಗವ್ವಾ, ನಿನ್ನ ಮಾತು ಕೇಳಿದ್ವಿ" ಎಂದಳು, ಅಷ್ಟೇ. ಮರುದಿನ ಹೋಗಿ ಸಹಿ ಹಾಕಿಬಂದೆ.

ನೀನು ಇದನ್ನು ಓದಿ ಏನೆಂದುಕೊಳ್ಳುತ್ತೀಯೋ ಗೊತ್ತಿಲ್ಲ. ನನ್ನ ಬಗ್ಗೆ ನಾನು ಏನೆಂದುಕೊಳ್ಳಬೇಕೋ ಅದೂ ಗೊತ್ತಿಲ್ಲ.

ಗಂಗಾಂಬಿಕಾ


ಹೊಸಪೇಟೆ
30 ಮಾರ್ಚ್ 2025

ಅಕ್ಕಾ,

ಯುಗಾದಿ ಇವತ್ತು. ಬೇವು ಬೆಲ್ಲ ತಿಂದು ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಇದು ನಾನು ಬರೆಯುತ್ತಿರುವ ನಾಲ್ಕನೇ ಕಾಗದ. ಮೊದಲಿನ ಮೂರರಲ್ಲೂ ವಕೀಲರ ವಾಸನೆ ಬಂತು, ಹರಿದೆ.

ಸೌಜನ್ಯ ಆರು ತಿಂಗಳಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಎರ್ರೆಮ್ಮನ ಕೈ ವಿಷಯ ಮುಚ್ಚಿಟ್ಟೆ ಎಂದು. ನಿನ್ನೆ ರಾಶಿ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ ಕೇಳಿದಳು: "ಅಂಗಳದಾಗ ನಲವತ್ತು ಗಾಡಿ ಇದ್ವಲ್ಲ. ಅಕ್ಕಾರಿಗೆ ಅದಾ ಯಾಕ ಕೊಟ್ರಿ?"

ಅವಳಿಗೆ ನಾನು ಉತ್ತರ ಕೊಡಲಿಲ್ಲ. ನಿನಗೆ ಕೊಡುತ್ತೇನೆ.

ನನಗೆ ಯಾರೂ ಮೋಸ ಮಾಡಿರಲಿಲ್ಲ. ಸಂಡೂರಿನ ಕಂಟ್ರಾಕ್ಟರೊಬ್ಬನ ಗಾಡಿಗಳನ್ನು ಒಟ್ಟಿಗೆ ಕೊಂಡಾಗ ಅದೂ ಬಂತು. ಎಂಜಿನ್ನಿನ ಎಣ್ಣೆ ತೆಗೆಸಿದಾಗ ಕೆಂಪು ಕೆಸರು ಬಂದದ್ದನ್ನು ನಾನೇ ನಿಂತು ನೋಡಿದ್ದೆ. ಮೇಷ್ಟ್ರ ಕತೆ ನಾನೇ ಕಟ್ಟಿದ್ದು. ಒಂದು ವರ್ಷ ಅದನ್ನು ಯಾರಿಗೂ ಮಾರಲಿಲ್ಲ. ಗಿರಾಕಿ ಬಂದರೆ ಬೇರೆ ಗಾಡಿ ತೋರಿಸುತ್ತಿದ್ದೆ. ಒಳ್ಳೆಯತನಕ್ಕಲ್ಲ. ಹೊರಗಿನವರಿಗೆ ಕೊಟ್ಟರೆ ವಾರಕ್ಕೇ ಬಂದು ಕೊರಳಪಟ್ಟಿ ಹಿಡಿಯುತ್ತಾರೆ, ಕೇಸು ಹಾಕುತ್ತಾರೆ ಎನ್ನುವ ಭಯಕ್ಕೆ. ಬ್ಯಾಂಕಿನವರು ಕುತ್ತಿಗೆ ಮೇಲೆ ಕುಳಿತಿದ್ದ ಹೊತ್ತಿಗೆ ನೀನು ಬಂದೆ. ಗೇಟು ದಾಟಿ ಒಳಗೆ ಬರುವಾಗಲೇ ನನ್ನ ಮನಸ್ಸು ಹೇಳಿತು, ಅಕ್ಕ ತಿರುಗಿ ಬಂದು ಕೇಳುವುದಿಲ್ಲ ಎಂದು.

ನೀನು ಅಕ್ಕ ಎನ್ನುವ ಪ್ರೀತಿಗೆ ಕೊಡಲಿಲ್ಲ. ಅಕ್ಕ ಆದ್ದರಿಂದ ಕೊಟ್ಟೆ.

ಉಡಿ ತುಂಬುವುದಕ್ಕೆ ಸೌಜನ್ಯಳಿಗೆ ಹೇಳಿದವನೂ ನಾನೇ. ಎರ್ರೆಮ್ಮ ಬಿಲ್ ಎಂದಳಲ್ಲ, ಆಗ ಒಳಗೆ ಹೋಗಿ "ಜಲ್ದಿ ಉಡಿ ತುಂಬು" ಎಂದೆ. ಅವಳು ಪಾಪ, ಪ್ರೀತಿಯಿಂದಲೇ ತುಂಬಿದಳು.

ಇದನ್ನು ಬೇಕಾದರೆ ಮಾಧವಿಯವರಿಗೆ ಕೊಡು. ನನಗೆ ಅಂಜಿಕೆ ಇಲ್ಲ ಎಂದರೆ ಸುಳ್ಳು. ಆದರೂ ಕೊಡು.

ಹಾಲೇಶ


ಮೆಟ್ರಿ
21 ಜುಲೈ 2025

ಹಾಲೇಶ,

ನಿನ್ನ ಯುಗಾದಿಯ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಅದನ್ನು ಮಾಧವಿಯವರಿಗೂ ಕೊಡಲಿಲ್ಲ. ದೊಡ್ಡ ಮನಸ್ಸು ಎಂದುಕೊಳ್ಳಬೇಡ. ನಿನ್ನನ್ನು ಉಳಿಸಲು ಅಲ್ಲ, ನನ್ನ ಮುಖ ಉಳಿಸಿಕೊಳ್ಳಲು. ನಲವತ್ತು ಗಾಡಿ, ಊರ ತುಂಬ ಗಿರಾಕಿ, ಅದರಲ್ಲಿ ನನ್ನ ತಮ್ಮ ಮೋಸ ಮಾಡಲು ನನ್ನನ್ನೇ ಆರಿಸಿಕೊಂಡ ಎಂದು ಎರ್ರೆಮ್ಮನ ಎದುರು ಯಾರಾದರೂ ಓದಿ ಹೇಳುವುದು ನನಗೆ ಬೇಕಿರಲಿಲ್ಲ.

ನಿನ್ನ ಲೆಕ್ಕ ಸರಿಯಾಗಿತ್ತು ಎನ್ನುವುದು ನನಗೆ ಇನ್ನೂ ದೊಡ್ಡ ನಾಚಿಕೆ. ಹಣ ನನ್ನೊಬ್ಬಳದಾಗಿದ್ದರೆ ನಾನು ನಿಜಕ್ಕೂ ಕೇಳುತ್ತಿರಲಿಲ್ಲ. ಗಾಡಿಯನ್ನು ಹಿತ್ತಲಲ್ಲಿ ನಿಲ್ಲಿಸಿ ಕೋಳಿ ಕೂಡುತ್ತಿದ್ದೆ. ಬಂದವರಿಗೆ "ತವರಿನವರು ಕೊಟ್ಟದ್ದು" ಎನ್ನುತ್ತಿದ್ದೆ. ನೀನು ಪಂಚಮಿಗೆ ಬರುತ್ತಿದ್ದೆ, ಉಂಡೆ ತಿಂದು ಹೋಗುತ್ತಿದ್ದೆ. ನಾವಿಬ್ಬರೂ ಸುಖವಾಗಿ ಸುಳ್ಳಿನಲ್ಲಿ ಇರುತ್ತಿದ್ದೆವು.

ಆಯೋಗದಲ್ಲಿ ಅವತ್ತು ನೀನು ನನಗಿಂತ ಮೊದಲೇ ಬಂದು ಕುಳಿತಿದ್ದೆ. ಸೊರಗಿದ್ದೀಯ. ನಾನು ನೋಡಲಿಲ್ಲ ಎಂದು ನೀನು ತಿಳಿದಿರಬೇಕು, ನೋಡಿದೆ. ನಿಮ್ಮ ವಕೀಲರು ಎದ್ದು ತವರು, ಸಂಪ್ರದಾಯ, ರಕ್ತಸಂಬಂಧ ಎಂದು ಭಾಳ ಚಂದ ಮಾತಾಡಿದರು. ನನಗೇ ಒಂದು ಗಳಿಗೆ ಕಣ್ಣು ತುಂಬಿ ಬಂತು. ಆಯೋಗದ ಅಧ್ಯಕ್ಷೆ ಮೇಡಂ ಆ ವಕೀಲರನ್ನು ತಡೆದು ನೇರ ನಿನ್ನನ್ನೇ ಕೇಳಿದರು: "ನೀವು ಹೇಳಿ. ಈ ಗಾಡಿ ವಿಷಯದಲ್ಲಿ ಇವರು ನಿಮಗೆ ಏನಾಗಬೇಕು?"

ನೀನು ಎದ್ದು ನಿಂತೆ. ಮೇಲೆ ಫ್ಯಾನು ಕಿರ್ ಎನ್ನುತ್ತಿತ್ತು. ಅಕ್ಕ ಎಂದುಬಿಡುತ್ತಾನೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ನನ್ನ ಜೀವನದಲ್ಲಿ ಮೊದಲ ಸಲ, ನೀನು ನನ್ನನ್ನು ಅಕ್ಕ ಎನ್ನದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ.

"ಗಿರಾಕಿ ರೀ" ಎಂದೆ ನೀನು. "ಗಾಡಿ ತಗೊಳಾಕ ಬಂದಿದ್ರು. ನಾ ಮಾರೀನಿ. ಸುಳ್ಳು ಹೇಳಿ ಮಾರೀನಿ ರೀ."

ನಿಮ್ಮ ವಕೀಲರು ನಿನ್ನ ಅಂಗಿ ಜಗ್ಗಿದರು. ನೀನು ಕುಳಿತುಕೊಳ್ಳಲಿಲ್ಲ.

ಮಾಧವಿಯವರು ನನ್ನ ಕೈ ಅದುಮಿದರು. ಹಣ ವಾಪಸ್, ಎರ್ರೆಮ್ಮನ ಆಸ್ಪತ್ರೆ ಖರ್ಚು, ಗಾಡಿಯನ್ನು ನೀನೇ ಬಂದು ಒಯ್ಯಬೇಕು ಎಂದೆಲ್ಲ ಆದೇಶವಾದದ್ದು ಆಮೇಲೆ. ನನ್ನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ನೀನು ನನಗಾಗಿ ಆಡಿದ ಮಾತುಗಳಲ್ಲಿ ಆ ಗಿರಾಕಿ ಎನ್ನುವುದಕ್ಕಿಂತ ದೊಡ್ಡದು ಇಲ್ಲ. ಅದನ್ನು ಕೇಳಿ ನನಗಾದ ಸಂಕಟಕ್ಕೂ ಸಮ ಇಲ್ಲ. ಬಸ್ಸಿನಲ್ಲಿ ಅಳುತ್ತಾ ಕುಳಿತಿದ್ದಾಗ ಎರ್ರೆಮ್ಮ ಹೇಳಿದಳು: "ನಮ್ಮಣ್ಣ ಊರ ಮುಂದ ತಂಗಿ ತಂಗಿ ಅಂತಾನ, ಒಂದು ಕುಬಸ ಸೈತ ಕೊಟ್ಟಿಲ್ಲ. ನಿನ್ನ ತಮ್ಮ ಗಿರಾಕಿ ಅಂದು ಎಲ್ಲಾ ಕೊಟ್ಟ. ಸುಮ್ನಿರಬೇ."

ಹಣ ನಾಲ್ವರ ಖಾತೆಗೂ ಬಂದಿದೆ. ಹೊಳೆಮ್ಮ ಮತ್ತೆ ರೊಟ್ಟಿಗೆ ಬರುತ್ತಿದ್ದಾಳೆ. ಬಂದ ದಿನ ನನ್ನ ಪಕ್ಕದಲ್ಲೇ ಮಣೆ ಹಾಕಿಕೊಂಡಳು.

ಈಗ ನಿನಗೆ ಹೇಳಬೇಕಾದ್ದು. ನಿನ್ನೆ ನೀನು ಗಾಡಿ ಒಯ್ಯಲು ಬಂದಾಗ ನಾನು ಕಂಪ್ಲಿ ಸಂತೆಗೆ ಹೋಗಿರಲಿಲ್ಲ. ಮನೆಯಲ್ಲೇ ಇದ್ದೆ. ಎರ್ರೆಮ್ಮನಿಂದ ಆ ಸುಳ್ಳು ಹೇಳಿಸಿದವಳು ನಾನೇ. ಬಾಗಿಲ ಹಿಂದೆ ನಿಂತಿದ್ದೆ. ಗೆದ್ದವರಿಗೆ ಮುಖ ತೋರಿಸಲು ಇಷ್ಟು ನಾಚಿಕೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀನೂ ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂಡಲಿಲ್ಲ. ಎರ್ರೆಮ್ಮ ಕೊಟ್ಟ ನೀರನ್ನು ನಿಂತೇ ಕುಡಿದೆ. ಅವಳ ಕೈಯನ್ನೇ ನೋಡುತ್ತಿದ್ದೆ. ಆಮೇಲೆ ಮೆಲ್ಲಗೆ, "ಅಕ್ಕ ಹೊತ್ತಿಗೆ ಸರಿಯಾಗಿ ಉಣ್ಣತಾಳೇನು?" ಎಂದು ಕೇಳಿದೆ.

"ಗಿರಾಕಿ ಉಂಡ್ರೇನು ಬಿಟ್ರೇನು, ನಿನಗ್ಯಾಕ ಆ ಚಿಂತಿ?" ಎಂದಳು ಆ ಎರ್ರೆಮ್ಮ.

ನೀನು ನಕ್ಕೆ. ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡೆ. ನನಗೆ ಇನ್ನು ತಡೆಯಲಾಗಲಿಲ್ಲ. ಅಗಳಿ ತೆಗೆದು ಹೊರಗೆ ಓಡಿಬರುವಷ್ಟರಲ್ಲಿ ನೀನು ಗಾಡಿ ಹತ್ತಿಬಿಟ್ಟಿದ್ದೆ. ಎಷ್ಟು ಸಲ ಕೈ ಕೊಟ್ಟ ಗಾಡಿ ಅದು, ನಿನ್ನೆ ಒಂದೇ ಏಟಿಗೆ ಶುರುವಾಯಿತು. ರಸ್ತೆಯವರೆಗೂ ಬಂದೆ. ಹಾಲೇಶಾ ಎಂದು ಕೂಗಿದೆ. ಆ ದರಿದ್ರ ಎಂಜಿನ್ನಿನ ಸದ್ದಿನಲ್ಲಿ ನಿನಗೆ ಕೇಳಿಸಲಿಲ್ಲ.

ಅದಕ್ಕೇ ಈ ಕಾಗದ. ನಾನು ಕೂಗಿದ್ದೆ.

ನಿನ್ನ ಅಕ್ಕ
ಗಂಗಾಂಬಿಕಾ